ಸಣ್ಣ ಮಕ್ಕಳ ಜೊತೆ ಬೋನಾಳ ಕೆರೆಗೆ: ಒಂದು ಬೆಳಿಗ್ಗೆ, ಒಂದೇ ಜಾಗ

ಭಾನುವಾರ ಬಂದರೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅನ್ನೋದು ನಮ್ಮ ಯಾದಗಿರಿ ಕಡೆ ದೊಡ್ಡ ಪ್ರಶ್ನೆ. ಗುಡಿ ಆಯ್ತು, ಜಾತ್ರೆ ಆಯ್ತು, ಕಲಬುರಗಿಗೆ ಹೋಗಿ ಮಾಲ್ ಸುತ್ತಿದ್ದೂ ಆಯ್ತು. ಸುರಪುರದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿ ಬೋನಾಳ ಪಕ್ಷಿಧಾಮ ಇದೆ. ರಂಗನತಿಟ್ಟು ಬಿಟ್ಟರೆ ರಾಜ್ಯದಲ್ಲಿ ಎರಡನೇ ದೊಡ್ಡ ಪಕ್ಷಿಧಾಮ ಅಂತ ಅದಕ್ಕೆ ಹೆಸರು. ಆದರೂ ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನ ಅದನ್ನು ನೋಡಿಲ್ಲ. ನೋಡಿದವರಲ್ಲೂ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗಿ, ಏನೂ ಕಾಣಲಿಲ್ಲ, ಮಕ್ಕಳು ಬರೀ ಅತ್ತರು ಅಂತ ವಾಪಸ್ ಬಂದವರು ಬಹಳ.

ನಾವೂ ಮೊದಲನೇ ಸಲ ಹಾಗೇ ಬಂದೆವು. ಯಾದಗಿರಿಯಿಂದ ಆರಾಮಾಗಿ ಒಂಬತ್ತಕ್ಕೆ ಹೊರಟು, ಶಹಾಪುರದಲ್ಲಿ ನಾಷ್ಟಾ ಮಾಡಿ, ಸುರಪುರದಲ್ಲಿ ಸಂಬಂಧಿಕರ ಮನೆಗೆ ಹೋಗಿ ಚಹಾ ಕುಡಿದು ಕೆರೆ ಮುಟ್ಟುವಾಗ ಹನ್ನೆರಡಾಗಿತ್ತು. ಏರಿ ಮೇಲೆ ನೆರಳಿಲ್ಲ. ಹಕ್ಕಿಗಳು ನೀರಿನ ನಡುವೆ ಕರಿ ಚುಕ್ಕೆ ಹಾಗೆ ಕಾಣುತ್ತಿದ್ದವು. ಮಗಳಿಗೆ ಆಗ ನಾಲ್ಕು ವರ್ಷ, ಮಗ ಇನ್ನೂ ಕಂಕುಳಲ್ಲಿ. ಅರ್ಧ ಗಂಟೆಯಲ್ಲಿ ಇಬ್ಬರ ಮುಖವೂ ಕೆಂಪಗಾಯಿತು. ಅಷ್ಟು ದೂರ ಹೋಗಿ ಮಕ್ಕಳಿಗೆ ಬಿಸಿಲು ಒಂದನ್ನೇ ತೋರಿಸಿ ಕರೆದುಕೊಂಡು ಬಂದೆನಲ್ಲ ಅಂತ ನನಗೆ ಬಹಳ ಬೇಜಾರಾಯಿತು. ಅಲ್ಲಿಂದ ಮೂರು ಚಳಿಗಾಲ ಹೋಗಿ ಬಂದಿದ್ದೇವೆ. ಹೋಗಿ ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಮೂರರಿಂದ ಎಂಟು ವರ್ಷದ ಮಕ್ಕಳಿರುವ ಮನೆಯವರಿಗೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಮಕ್ಕಳ ಜೊತೆ ಹೋದಾಗ ಕೆರೆಯನ್ನು ಪೂರ್ತಿ ನೋಡಬೇಕು ಅನ್ನೋ ಆಸೆ ಬಿಟ್ಟುಬಿಡಿ. ಒಂದು ಜಾಗ ಹಿಡಿದು ಕೂತುಕೊಳ್ಳಿ. ಎರಡೂವರೆ ತಾಸು ಸಾಕು.

ಯಾವಾಗ ಹೋಗಬೇಕು

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ದೂರದ ದೇಶಗಳಿಂದ ಬರುವ ಹಕ್ಕಿಗಳೂ ಆಗ ಇರುತ್ತವೆ, ಬಿಸಿಲೂ ಮಕ್ಕಳು ತಡೆಯುವಷ್ಟಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ನಲವತ್ತು ಡಿಗ್ರಿ ದಾಟುತ್ತದೆ, ಆಗ ಸಣ್ಣವರನ್ನು ಏರಿ ಮೇಲೆ ನಿಲ್ಲಿಸುವ ಯೋಚನೆಯೇ ಬೇಡ. ಮಳೆ ಕಡಿಮೆಯಾದ ವರ್ಷ ಕೆರೆ ಸೊರಗುತ್ತದೆ, ಹಕ್ಕಿಗಳೂ ಕಡಿಮೆ ಬರುತ್ತವೆ. ಹಾಗಾಗಿ ಸುರಪುರ ಕಡೆ ಪರಿಚಯದವರಿದ್ದರೆ ಹೊರಡುವ ಮುಂಚೆ ಒಂದು ಫೋನ್ ಮಾಡಿ, ಕೆರೆಯಲ್ಲಿ ನೀರು ಎಷ್ಟಿದೆ ಅಂತ ಕೇಳಿಕೊಳ್ಳಿ.

ನನಗೆ ಬಹಳ ಸರಿ ಅನಿಸಿದ್ದು ಎಳ್ಳಮಾಸಿ ಆಸುಪಾಸಿನ ವಾರ. ಹೇಗೂ ಆಗ ಮಕ್ಕಳು ಹೊಲಕ್ಕೆ ಬಂದಿರುತ್ತಾರೆ. ಮುತ್ಯಾನ ಜೊತೆ ಚರಗ ಚೆಲ್ಲಿ, ಭಜ್ಜಿ ಕಡಬು ಉಂಡು, ಮಣ್ಣಲ್ಲಿ ಆಡಿ ಬಯಲಿಗೆ ಹೊಂದಿಕೊಂಡಿರುತ್ತಾರೆ. ಅದರ ಬೆನ್ನಿಗೇ ಕೆರೆಗೆ ಹೋದರೆ ಕಾಲಿಗೆ ಹುಲ್ಲು ತಾಗಿತು, ಇರುವೆ ಹತ್ತಿತು ಅಂತ ರಗಳೆ ಮಾಡುವುದಿಲ್ಲ.

ಇನ್ನು ಹೊತ್ತು. ಡಿಸೆಂಬರ್-ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಏಳಕ್ಕೆ ನೀವು ಕೆರೆ ಮುಂದೆ ಇರಬೇಕು, ಒಂಬತ್ತೂವರೆಗೆ ವಾಪಸ್ ಗಾಡಿ ಹತ್ತಬೇಕು. ಯಾದಗಿರಿಯಿಂದ ಬರುವವರು ಐದಕ್ಕೇ ಹೊರಡಬೇಕಾಗುತ್ತದೆ. ಕಲಬುರಗಿಯಿಂದ ಜೇವರ್ಗಿ, ಶಹಾಪುರ ದಾಟಿ ಬರಲು ನೂರು ಕಿಲೋಮೀಟರಿಗೂ ಜಾಸ್ತಿ, ಅವರು ಹಿಂದಿನ ರಾತ್ರಿಯೇ ಸುರಪುರಕ್ಕೆ ಬಂದು ಉಳಿಯುವುದು ಒಳ್ಳೆಯದು. ನಿದ್ದೆಗೆಟ್ಟ ಮಗುವಿಗೆ ಯಾವ ಹಕ್ಕಿಯೂ ಚಂದ ಕಾಣುವುದಿಲ್ಲ.

ಬಸ್ಸಿಗೆ ಬರುವುದಾದರೆ ಸುರಪುರದಲ್ಲಿ ಇಳಿದು ಆಟೋ ಮಾತಾಡಿಕೊಳ್ಳಿ. ಹೋಗೋದು, ಕಾಯೋದು, ಬರೋದು ಮೂರನ್ನೂ ಸೇರಿಸಿಯೇ ಮಾತಾಡಿ. ದಣಿದ ಮಕ್ಕಳನ್ನು ರಸ್ತೆ ಬದಿ ನಿಲ್ಲಿಸಿಕೊಂಡು ಗಾಡಿಗೆ ಕಾಯುವುದು ಬಹಳ ಕಷ್ಟ.

ಹಿಂದಿನ ದಿನ ರಾತ್ರಿ

ಚೀಲ ಹಿಂದಿನ ರಾತ್ರಿಯೇ ತುಂಬಿಡಿ. ಒಬ್ಬೊಬ್ಬರಿಗೆ ಒಂದು ಲೀಟರ್ ನೀರು, ಟೋಪಿ, ಮೈ ಪೂರ್ತಿ ಮುಚ್ಚುವ ಹತ್ತಿ ಬಟ್ಟೆ, ಒಂದು ಜೊತೆ ಹೆಚ್ಚಿನ ಚಡ್ಡಿ-ಅಂಗಿ, ಕೂರಲು ಹಳೇ ಜಮಖಾನ, ಕಸ ತುಂಬಿ ತರಲು ಒಂದು ಖಾಲಿ ಚೀಲ. ಬೆಳಿಗ್ಗೆ ಒಳ್ಳೆಯ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ. ಬಟ್ಟೆ ಮಣ್ಣಿನ ಬಣ್ಣದ್ದೋ ಹಸಿರೋ ಇದ್ದರೆ ಒಳ್ಳೆಯದು. ಕಾಲಿಗೆ ಚಪ್ಪಲಿ ಬೇಡವೇ ಬೇಡ, ಶೂ ಹಾಕಿ. ಬಳ್ಳಾರಿ ಜಾಲಿ ಮುಳ್ಳು ಹವಾಯಿ ಚಪ್ಪಲಿಯ ಅಡಿ ತೂರಿ ಒಳಗೆ ಬರುತ್ತದೆ. ನನ್ನ ಮಗನ ಅಂಗಾಲಿಗೆ ಒಮ್ಮೆ ಹಾಗೆ ಚುಚ್ಚಿ, ಮನೆಗೆ ಬಂದು ಸೂಜಿಯಿಂದ ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು.

ತಿನ್ನಲು ಸದ್ದು ಮಾಡದ, ಕೈಗೆ ಅಂಟದ ತಿನಿಸು ಇಟ್ಟುಕೊಳ್ಳಿ. ಕಟಿ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಕೊಟ್ಟರೆ ಒಂದು ತಾಸು ಕಚ್ಚುತ್ತಾ ಕೂರುತ್ತಾರೆ. ಶೇಂಗಾ ಹೋಳಿಗೆ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಯಾವುದಾದರೂ ಆಗುತ್ತದೆ. ಕುರ್ಕುರೆ ಪಾಕೀಟು ಮನೆಯಲ್ಲೇ ಬಿಡಿ. ಆ ಪರಪರ ಸದ್ದಿಗೆ ಹತ್ತಿರದ ಹಕ್ಕಿಗಳು ದೂರ ಹೋಗುತ್ತವೆ, ಖಾಲಿ ಪಾಕೀಟು ಗಾಳಿಗೆ ಹಾರಿ ನೀರು ಸೇರುತ್ತದೆ.

ರಾತ್ರಿ ಮಲಗಿಸುವಾಗ ಮೂರೇ ಮೂರು ಹಕ್ಕಿಗಳ ಬಗ್ಗೆ ಹೇಳಿ. ಜಾಸ್ತಿ ಬೇಡ. ನಾವು ಮೊದಲು ಆರಿಸಿಕೊಂಡದ್ದು ನಾಮದ ಕೋಳಿ, ನೀರುಕಾಗೆ, ಮಿಂಚುಳ್ಳಿ. ಮೈಯೆಲ್ಲ ಕರಿ, ಹಣೆ ಮೇಲೆ ಬಿಳಿ ನಾಮ ಇದ್ದರೆ ನಾಮದ ಕೋಳಿ. ರೆಕ್ಕೆ ಎರಡೂ ಬಿಚ್ಚಿ ಬಿಸಿಲಿಗೆ ಹಿಡಿದು ನಿಂತದ್ದು ನೀರುಕಾಗೆ. ಅದರ ಗರಿ ನೀರಲ್ಲಿ ನೆನೆಯುತ್ತದೆ, ಅದಕ್ಕೇ ಮುಳುಗು ಹಾಕಿ ಬಂದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಒಣಗಿಸಿಕೊಳ್ಳುತ್ತದೆ. ಕೊಕ್ಕು ಉದ್ದ, ಮೈ ಗಿಡ್ಡ, ನೀರನ್ನೇ ದಿಟ್ಟಿಸಿ ಕೂತಿದ್ದರೆ ಮಿಂಚುಳ್ಳಿ. ಇಷ್ಟು ಹೇಳಿ ಮಲಗಿಸಿದರೆ ಬೆಳಿಗ್ಗೆ ಎಬ್ಬಿಸುವ ಕೆಲಸವೇ ಇರುವುದಿಲ್ಲ, ಅವರೇ ಏಳುತ್ತಾರೆ.

ದುರ್ಬೀನು ಇದ್ದರೆ ತನ್ನಿ, ಆದರೆ ಐದು ವರ್ಷದ ಕೆಳಗಿನವರಿಗೆ ಅದರಲ್ಲಿ ನೋಡಲು ಬರುವುದಿಲ್ಲ. ಅವರಿಗೆ ಹಳೇ ಕ್ಯಾಲೆಂಡರ್ ಹಾಳೆ ಸುತ್ತಿ ಒಂದು ಕೊಳವೆ ಮಾಡಿಕೊಡಿ. ಸುಮ್ನೆ ಆಟಕ್ಕೆ ಅಂದುಕೊಳ್ಳಬೇಡಿ, ಒಂದು ಕಣ್ಣು ಮುಚ್ಚಿ ಕೊಳವೆಯಲ್ಲಿ ನೋಡಿದಾಗ ಮಗುವಿನ ಗಮನ ಒಂದೇ ಕಡೆ ನಿಲ್ಲುತ್ತದೆ. ದೊಡ್ಡವರಿಗೆ ಮೊಬೈಲಿನಲ್ಲಿ ಮರ್ಲಿನ್ ಅನ್ನೋ ಆ್ಯಪ್ ಇದೆ, ಪುಕ್ಕಟೆ ಸಿಗುತ್ತದೆ, ಹಕ್ಕಿಯ ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಮನೆಯಲ್ಲಿ ವೈಫೈ ಇರುವಾಗಲೇ ನಮ್ಮ ದೇಶದ ಹಕ್ಕಿಗಳ ಮಾಹಿತಿ ಇಳಿಸಿಕೊಂಡಿರಿ, ಕೆರೆ ಹತ್ತಿರ ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಅದರಲ್ಲಿರುವ ಕೂಗನ್ನು ಮಾತ್ರ ಅಲ್ಲಿ ಜೋರಾಗಿ ಹಚ್ಚಬೇಡಿ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅಲ್ಲಿರುವ ಹಕ್ಕಿಗಳು ಗಾಬರಿಯಾಗುತ್ತವೆ.

ದಾರಿಯಲ್ಲೇ ಶುರು ಮಾಡಿ

ಬೆಳಕು ಹರಿದ ಮೇಲೆ ಕರೆಂಟಿನ ತಂತಿ ಮೇಲೆ ಕಣ್ಣಿಡಲು ಹೇಳಿ. ನಮ್ಮ ರಾಜ್ಯಪಕ್ಷಿ ನೀಲಕಂಠ ಅಲ್ಲೇ ಕೂತಿರುತ್ತದೆ. ಕೂತಾಗ ಮಬ್ಬು ಕಂದು, ಯಾರೂ ತಿರುಗಿ ನೋಡುವುದಿಲ್ಲ. ಹಾರಿತು ಅಂದರೆ ರೆಕ್ಕೆಯಲ್ಲಿ ಎರಡು ಥರದ ನೀಲಿ ಬಿಚ್ಚಿಕೊಳ್ಳುತ್ತದೆ. ಗದ್ದೆಯಲ್ಲಿ ಎಮ್ಮೆಗಳ ಹಿಂದೆ ಬೆಳ್ಳಕ್ಕಿ ಯಾಕೆ ಓಡಾಡುತ್ತವೆ ಅಂತ ಕೇಳಿ ನೋಡಿ. ಎಮ್ಮೆ ಕಾಲಿಟ್ಟಲ್ಲಿ ಹುಲ್ಲಿನ ಹುಳ ಮೇಲೆ ಏಳುತ್ತವೆ, ಬೆಳ್ಳಕ್ಕಿಗೆ ಅದೇ ಊಟ. ನನ್ನ ಮಗ ಮಾತ್ರ "ಎಮ್ಮಿ ಅದರ ಅವ್ವ" ಅಂತ ಹೇಳಿದ್ದ, ಎರಡು ವಾರ ಅದೇ ನಂಬಿದ್ದ.

ಸುರಪುರದಲ್ಲಿ ಎಲ್ಲರಿಗೂ ಶೌಚ ಮುಗಿಸಿಕೊಂಡೇ ಮುಂದೆ ಹೋಗಿ. ಕೆರೆ ಹತ್ತಿರ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ಕೆರೆ ಮುಟ್ಟಿದ ಮೇಲೆ ಮೊದಲ ಹತ್ತು ನಿಮಿಷ

ಗಾಡಿ ಇಳಿದ ಕೂಡಲೇ ಮಕ್ಕಳು ಓಡುತ್ತಾರೆ. ಇಳಿಸುವ ಮುಂಚೆ, ಗಾಡಿಯ ಬಾಗಿಲು ಮುಚ್ಚಿರುವಾಗಲೇ, ಎರಡು ಮಾತು ಹೇಳಿ ಮುಗಿಸಿ: ನೀರಿನ ಕಡೆ ನನ್ನ ಕೈ ಹಿಡಿದೇ ಹೋಗಬೇಕು, ಕಲ್ಲು ಎಸೆಯಬಾರದು. ಎರಡೇ ಸಾಕು. ಹತ್ತು ನಿಯಮ ಹೇಳಿದರೆ ಒಂದೂ ನೆನಪಿರುವುದಿಲ್ಲ. ಇಬ್ಬರು ಸಣ್ಣ ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಇರಲೇಬೇಕು, ಆ ದೊಡ್ಡವರು ಫೋಟೋ ತೆಗೆಯುವ ಕೆಲಸ ಹಚ್ಚಿಕೊಳ್ಳಬಾರದು. ಮೂರು-ನಾಲ್ಕು ವರ್ಷದವರಿದ್ದರೆ ಒಬ್ಬರಿಗೆ ಒಬ್ಬರು.

ಆಮೇಲೆ ಜಾಗ ಹುಡುಕಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು, ಇಲ್ಲದಿದ್ದರೆ ಹಕ್ಕಿಗಳೆಲ್ಲ ಕರಿ ನೆರಳಿನ ಹಾಗೆ ಕಾಣುತ್ತವೆ, ಬಣ್ಣ ತಿಳಿಯುವುದಿಲ್ಲ. ನೀರಿನಿಂದ ಇಪ್ಪತ್ತು-ಇಪ್ಪತ್ತೈದು ಅಡಿ ಹಿಂದೆ, ಸಪಾಟಾದ ನೆಲ, ಹತ್ತಿರದಲ್ಲಿ ಜೊಂಡು ಅಥವಾ ಎಲೆ ತೇಲುವ ನೀರು ಇದ್ದರೆ ಅಲ್ಲೇ ಜಮಖಾನ ಹಾಸಿ. ಏರಿಯ ಇಳಿಜಾರಿನ ಕಲ್ಲುಗಳ ಮೇಲೆ ಮಕ್ಕಳನ್ನು ಇಳಿಸಬೇಡಿ, ಪಾಚಿ ಹಿಡಿದು ಜಾರುತ್ತವೆ.

ಕೂತ ಕೂಡಲೇ ಹಕ್ಕಿಗಳು ಸ್ವಲ್ಪ ದೂರ ಸರಿಯುತ್ತವೆ. ಬೇಜಾರು ಮಾಡಿಕೊಳ್ಳಬೇಡಿ. ರೊಟ್ಟಿ ಕೊಡಿ, ತಿನ್ನಲಿ. ಹತ್ತು ನಿಮಿಷದಲ್ಲಿ ಕೆರೆ ನಿಮ್ಮನ್ನು ಮರೆಯುತ್ತದೆ. ಮೊದಲು ನಾಮದ ಕೋಳಿಗಳು ವಾಪಸ್ ಬರುತ್ತವೆ, ಆಮೇಲೆ ಒಂದೊಂದೇ ಉಳಿದವು.

ಮಗು ಕೆಳಗೆ ನೋಡುತ್ತಿದ್ದರೆ ನೀವೂ ಕೆಳಗೆ ನೋಡಿ

ಇದು ನನಗೆ ಬಹಳ ಮುಖ್ಯ ಅನಿಸಿದ ಮಾತು, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾವು ದೊಡ್ಡವರು ದೂರ ಕೈ ತೋರಿಸಿ "ಅಲ್ಲಿ ನೋಡು, ಅಲ್ಲಿ ನೋಡು" ಅನ್ನುತ್ತಾ ಇರುತ್ತೇವೆ. ಮೂರು ಅಡಿ ಎತ್ತರದ ಮಗುವಿಗೆ ದೂರದ್ದು ಕಾಣುವುದಿಲ್ಲ, ಕಾಲ ಬುಡದ್ದು ಕಾಣುತ್ತದೆ.

ಎರಡನೇ ವರ್ಷ ಹೋದಾಗ ದೂರದಲ್ಲಿ ಹೆಬ್ಬಾತುಗಳ ಗುಂಪು ಇಳಿದಿತ್ತು. ನಾನು ಮಗಳಿಗೆ ಅದನ್ನೇ ತೋರಿಸಲು ಒದ್ದಾಡುತ್ತಿದ್ದೆ. ಅವಳು ಕೆಸರಿನ ಅಂಚಲ್ಲಿ ಕುಕ್ಕರಗಾಲಲ್ಲಿ ಕೂತು ಏನನ್ನೋ ಆರಿಸುತ್ತಿದ್ದಳು. ಬೈಯಲು ಹೋದವಳು ಸುಮ್ಮನೆ ಪಕ್ಕದಲ್ಲಿ ಕೂತೆ. ಬಸವನಹುಳುವಿನ ಚಿಪ್ಪು. ಒಂದಲ್ಲ, ಹತ್ತು-ಹನ್ನೆರಡು, ಒಂದೇ ಕಡೆ ಬಿದ್ದಿದ್ದವು. ಎಲ್ಲವೂ ಖಾಲಿ. ಒಡೆದು ಚೂರಾಗಿರಲಿಲ್ಲ, ಬಾಯಿ ಹತ್ತಿರ ಮಾತ್ರ ಸ್ವಲ್ಪ ಮುಕ್ಕಾಗಿತ್ತು. ಒಳಗೆ ಬೆರಳು ಹಾಕಿದರೆ ನುಣ್ಣಗೆ, ತಣ್ಣಗೆ. "ಇದರಾಗಿನ ಹುಳ ಎಲ್ಲಿ ಹೋತವ್ವ?" ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ನಲವತ್ತು-ಐವತ್ತು ಅಡಿ ದೂರದಲ್ಲಿ ಬೂದು-ಬಿಳಿ ಬಣ್ಣದ ಒಂದು ಕೊಕ್ಕರೆ ಕೆಸರಿನಲ್ಲಿ ಕೊಕ್ಕು ಅದ್ದಿ ತಡಕಾಡುತ್ತಿತ್ತು. ತಲೆ ಎತ್ತಿದಾಗ ನೋಡಿದರೆ ಕೊಕ್ಕಿನ ನಡುವೆ ಸಂದು, ಅಡಕತ್ತರಿಯನ್ನು ಪೂರ್ತಿ ಮುಚ್ಚದೆ ಹಿಡಿದ ಹಾಗೆ. ಬಾಯ್ಕಳಕ ಕೊಕ್ಕರೆ. ಅದರ ಮುಖ್ಯ ಊಟವೇ ಬಸವನಹುಳು. ಆ ಕೊಕ್ಕಿನಿಂದ ಚಿಪ್ಪು ಒತ್ತಿ ಹಿಡಿದು, ಚೂಪಾದ ತುದಿ ಒಳಗೆ ಹಾಕಿ ಮಾಂಸ ಎಳೆದು ತಿಂದು ಚಿಪ್ಪು ಅಲ್ಲೇ ಬಿಡುತ್ತದೆ. ನಾವು ನೋಡುತ್ತಿದ್ದ ಹಾಗೆ ಒಂದನ್ನು ಹಿಡಿಯಿತು, ತಲೆ ಬಗ್ಗಿಸಿ ಏನೋ ಮಾಡಿತು, ಕತ್ತು ಮೇಲೆ ಮಾಡಿ ನುಂಗಿತು. ಮಗಳು ಕೈಯಲ್ಲಿದ್ದ ಚಿಪ್ಪು ನೋಡಿದಳು, ಹಕ್ಕಿ ನೋಡಿದಳು, ಮತ್ತೆ ಚಿಪ್ಪು ನೋಡಿದಳು. ನಾನು ಬಾಯಿ ಬಿಡುವ ಮುಂಚೆ ಅವಳೇ ಹೇಳಿದಳು, "ಇದು ಅದರ ಉಂಡ ತಾಟು."

ಆವತ್ತಿನಿಂದ ನಾನು ಮಕ್ಕಳಿಗೆ ಏನು ನೋಡಬೇಕು ಅಂತ ಹೇಳುವುದು ಕಡಿಮೆ ಮಾಡಿದ್ದೇನೆ. ಅವರು ಎತ್ತಿದ್ದನ್ನು, ಬಗ್ಗಿ ನೋಡಿದ್ದನ್ನು ನಾನೂ ನೋಡುತ್ತೇನೆ. ಕೆಸರಿನ ಮೇಲಿನ ಹೆಜ್ಜೆ ಗುರುತು ಎಣಿಸಿ. ಮೂರು ಬೆರಳು ಮುಂದೆ, ಒಂದು ಹಿಂದೆ ಇದ್ದರೆ ಹಕ್ಕಿ. ಬಿದ್ದ ಗರಿ ಮುಟ್ಟಲಿ, ಒಂದು ಹನಿ ನೀರು ಹಾಕಿ ನೋಡಲಿ, ಆಮೇಲೆ ಅಲ್ಲೇ ಇಟ್ಟು ಬರಲಿ. ಜಾಲಿ ಗಿಡದಿಂದಲೋ ಈಚಲು ಮರದಿಂದಲೋ ಗೀಜಗನ ಗೂಡು ಬಿದ್ದಿದ್ದರೆ ಅದನ್ನು ಬಿಡಿಸಿ ನೋಡಬಹುದು, ಆದರೆ ಗಿಡದಲ್ಲಿ ತೂಗುವ ಗೂಡಿಗೆ ಕೈ ಹಚ್ಚಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡು ಹಕ್ಕಿಗಳ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಅಪರಾಧ. ಮಕ್ಕಳಿಗೆ ಕಾಯ್ದೆ ಹೇಳಬೇಕಾಗಿಲ್ಲ. ಅದು ಅದರ ಮನೆ ಅಂದರೆ ತಿಳಿಯುತ್ತದೆ.

ದೂರದ್ದು ತೋರಿಸುವುದಾದರೆ

ಒಂದು ತಾಸು ಕಳೆದ ಮೇಲೆ ಮಕ್ಕಳ ಕಣ್ಣು ತಾನಾಗಿ ಮೇಲೆ ಏಳುತ್ತದೆ. ಆಗ ಪಟ್ಟೆತಲೆ ಹೆಬ್ಬಾತು ಇದ್ದರೆ ತೋರಿಸಿ. ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟೆ, ದುರ್ಬೀನಿನಲ್ಲಿ ಎಣಿಸಬಹುದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಹಾರಿ ಬರುವ ಹಕ್ಕಿ ಇದು. ಏಳು ವರ್ಷದ ಮಗುವಿಗೆ ಟಿಬೆಟ್ ಅಂದರೆ ಏನು ತಿಳಿದೀತು ಅಲ್ವಾ? ನಾವು ಮನೆಯಲ್ಲಿ ಭಾರತದ ನಕ್ಷೆ ಹಾಸಿ ಯಾದಗಿರಿ ಮೇಲೆ ಒಂದು ಶೇಂಗಾ ಕಾಳು, ಹಿಮಾಲಯದ ಆಚೆ ಒಂದು ಕಾಳು ಇಟ್ಟು ತೋರಿಸಿದೆವು, ಆಗ ತಿಳಿಯಿತು.

ತೇಲುವ ಎಲೆಗಳ ಮೇಲೆ ನಡೆಯುವ ಹಕ್ಕಿ ಕಂಡರೆ ಅದು ದೇವನಕ್ಕಿ. ಅದರ ಬೆರಳುಗಳು ಬಹಳ ಉದ್ದ, ಭಾರ ಹರಡಿಕೊಳ್ಳುತ್ತದೆ, ಅದಕ್ಕೇ ಎಲೆ ಮುಳುಗುವುದಿಲ್ಲ. ಇವುಗಳಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ನೋಡಿಕೊಳ್ಳುವುದು ಗಂಡು. ಇದನ್ನು ಅಪ್ಪಂದಿರ ಮುಂದೆಯೇ ಹೇಳಿ. ಜೊಂಡಿನ ಸಂದಿಯಲ್ಲಿ ಕೆಂಪು ಕೊಕ್ಕಿನ ನೇರಳೆ ಜಂಬುಕೋಳಿಯೂ ಸಿಗಬಹುದು. ಬಿಳಿ ಕೆಂಬರಲು, ಕರಿ ಕೆಂಬರಲು ಎರಡೂ ಈ ಕೆರೆಗೆ ಬರುತ್ತವೆ, ಕೊಕ್ಕು ಕುಡಗೋಲಿನ ಹಾಗೆ ಬಾಗಿರುತ್ತದೆ.

ಕೆರೆಯ ಕಥೆಯನ್ನೂ ಒಂದಿಷ್ಟು ಹೇಳಿ. ಸುರಪುರದ ನಾಯಕ ಅರಸರ ಕಾಲದಲ್ಲಿ ಕಟ್ಟಿದ ಕೆರೆ, 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಅದನ್ನು ದೊಡ್ಡದು ಮಾಡಿಸಿದರು. ಹೊಲಕ್ಕೆ ನೀರು ಬೇಕು ಅಂತ ಮನುಷ್ಯರು ಕಟ್ಟಿದ್ದಕ್ಕೆ ಹಕ್ಕಿಗಳು ತಾವಾಗಿ ಬಂದು ಸೇರಿದವು. ನನ್ನ ಮಗಳಿಗೆ ಈ ಮಾತು ಬಹಳ ಹಿಡಿಸಿತು, "ಹಂಗಾದ್ರ ನಾವೂ ಕೆರಿ ಕಟ್ಟೋಣು" ಅಂತ ಹಿತ್ತಲಲ್ಲಿ ಗುಂಡಿ ತೋಡಿ ನೀರು ತುಂಬಿದ್ದಳು. ಗುಬ್ಬಿಗಳು ಬಂದವು.

ಹುಷಾರಾಗಿ ಇರಬೇಕಾದ್ದು

ನೀರು ಮೊದಲನೆಯದು, ಮೇಲೆ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ಕೆರೆಯ ಅಂಚಿನ ಕೆಸರು ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಮೊದಲು ನೀವು ಕಾಲಿಟ್ಟು ನೋಡಿ.

ಕಲ್ಲಿನ ಅಡಿ, ಬಿಲದೊಳಗೆ ಯಾರೂ ಕೈ ಹಾಕಬಾರದು. ಎತ್ತರದ ಹುಲ್ಲಿನಲ್ಲಿ ದೊಡ್ಡವರು ಕೋಲಿನಿಂದ ನೆಲ ತಟ್ಟುತ್ತಾ ಮುಂದೆ ನಡೆಯಬೇಕು. ಹಾವು ಕಂಡರೆ ನಿಂತುಬಿಡಿ, ಅದು ಹೋಗಲಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ನಾಟಿ ಔಷಧಿ ಹಚ್ಚುವುದು ಯಾವುದೂ ಬೇಡ. ಮಗುವನ್ನು ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ನಿಮ್ಮದೇ ಗಾಡಿ ಇದ್ದರೆ ಕಾಯದೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಹೆಜ್ಜೇನು ಗೂಡು ಕಂಡ ಮರದ ಕೆಳಗೆ ಕೂರಬೇಡಿ.

ಹಕ್ಕಿಗಳಿಗೆ ಮಂಡಕ್ಕಿ, ಬಿಸ್ಕೀಟು ಹಾಕಬೇಡಿ. ಮಕ್ಕಳಿಗೆ ಹಾಕುವ ಆಸೆ ಇರುತ್ತದೆ, ನನಗೂ ಗೊತ್ತು. ಆದರೆ ಕೆರೆಯಲ್ಲಿ ಅವುಗಳಿಗೆ ಬೇಕಾದದ್ದು ಇದೆ. ಹಾರಿಸಿ ಫೋಟೋ ತೆಗೆಯಲು ಚಪ್ಪಾಳೆ ಹೊಡೆಯುವವರು ಕಂಡರೆ ಮೆತ್ತಗೆ ಹೋಗಿ ಬೇಡ ಅನ್ನಿ. ನಮ್ಮ ಮುತ್ಯಾ ಒಮ್ಮೆ ನಾಲ್ಕು ಹುಡುಗರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ಕೊಟ್ಟು ಮಾತಾಡಿಸಿದರು, ಹುಡುಗರು ಒಂದು ತಾಸು ಸದ್ದಿಲ್ಲದೆ ನಮ್ಮ ಜೊತೆಗೇ ಕೂತು ನೋಡಿದರು.

ಚಿಂಚೋಳಿ, ಬೀದರ್?

ಚಿಂಚೋಳಿ ವನ್ಯಜೀವಿಧಾಮ ಬಹಳ ಚಂದದ ಕಾಡು, 2011ರಲ್ಲಿ ಘೋಷಣೆಯಾಯಿತು, ಚಂದ್ರಂಪಳ್ಳಿ ಜಲಾಶಯವೂ ಅಲ್ಲೇ ಇದೆ. ಆದರೆ 134 ಚದರ ಕಿಲೋಮೀಟರ್ ಕಾಡು ಮೂರು-ನಾಲ್ಕು ವರ್ಷದ ಮಗುವಿಗೆ ಜಾಸ್ತಿಯಾಯಿತು, ಎಂಟು-ಹತ್ತು ವರ್ಷ ಆಗಲಿ. ಬೀದರಿನವರಿಗೆ ಊರ ಸುತ್ತಲಿನ ಹೊಲಗಳಲ್ಲೇ ಕೃಷ್ಣಮೃಗ ಕಾಣುತ್ತವೆ. ರಸ್ತೆ ಬದಿ ಗಾಡಿ ನಿಲ್ಲಿಸಿ ಒಳಗೇ ಕೂತು ನೋಡಿ, ಇಳಿದರೆ ಓಡುತ್ತವೆ.

ವಾಪಸ್ ಹೊರಡುವಾಗ

ಮಕ್ಕಳು ಇನ್ನೂ ಖುಷಿಯಲ್ಲಿ ಇರುವಾಗಲೇ ಏಳಿ. ಅತ್ತ ಮೇಲೆ ಎದ್ದರೆ ಅವರಿಗೆ ಆ ಅಳುವೇ ನೆನಪಿರುತ್ತದೆ. ಕೂತ ಜಾಗದ ಸುತ್ತ ಬಿದ್ದ ಕಸ ಆರಿಸಿ ಚೀಲಕ್ಕೆ ತುಂಬಿ, ನಿಮ್ಮದಲ್ಲದ ನಾಲ್ಕು ಪಾಕೀಟನ್ನೂ. ಗಾಡಿಯಲ್ಲಿ "ಏನೇನು ನೋಡಿದಿ ಹೇಳು" ಅಂತ ಪರೀಕ್ಷೆ ಮಾಡಬೇಡಿ. ಶಹಾಪುರ ಮುಟ್ಟುವ ಹೊತ್ತಿಗೆ ಬೆಟ್ಟದ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ, ಎಚ್ಚರ ಇದ್ದರೆ ತೋರಿಸಿ, ನಮ್ಮವರು ಅಷ್ಟೊತ್ತಿಗೆ ಮಲಗಿರುತ್ತಾರೆ.

ಮನೆಗೆ ಬಂದ ಮೇಲೆ ಬಿಸಿನೀರಲ್ಲಿ ಕಾಲು ತೊಳೆದು, ಕಿವಿ ಹಿಂದೆ, ಮಂಡಿ ಸಂದಿಯಲ್ಲಿ ಉಣ್ಣಿ ಹತ್ತಿದೆಯಾ ಅಂತ ನೋಡಿ. ಸಂಜೆ ಒಂದು ಹಾಳೆ, ಬಣ್ಣದ ಪೆನ್ಸಿಲ್ ಮುಂದೆ ಇಟ್ಟುಬಿಡಿ. ಹಾಳೆಯ ಹಿಂದೆ ತಾರೀಖು ಬರೆದಿಡಿ.

ಮತ್ತೆ ಹೋಗುವಾಗ ಅದೇ ಜಾಗಕ್ಕೆ ಹೋಗಿ. ಹೋದ ಜನವರಿಯಲ್ಲಿ ನಾವು ಹೋದಾಗ ಮಗಳು ಜಮಖಾನ ಹಾಸಲೂ ಬಿಡದೆ ಕೆಸರಿನ ಅಂಚಿಗೆ ಕೈ ಹಿಡಿದು ಎಳೆದುಕೊಂಡು ಹೋದಳು. ನೀರು ಆ ವರ್ಷಕ್ಕಿಂತ ಮೇಲೆ ಬಂದಿತ್ತು, ಚಿಪ್ಪು ಸಿಕ್ಕ ಜಾಗ ಮುಳುಗಿತ್ತು. ಅವಳು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀರಿನೊಳಗೆ ಬೆರಳು ತೋರಿಸಿ ಹೇಳುತ್ತಿದ್ದಳು, "ಇಲ್ಲೇ ಕೆಳಗ ಅದಾವ ತಾಟು, ತಡಿ, ಬ್ಯಾಸಗ್ಯಾಗ ಕಾಣ್ತಾವ."